ಗಂಗೆಯ ಎರಡು ದಂಡೆ, ಎರಡು ಆಡಳಿತ: ಸ್ವತಂತ್ರ ಭಾರತದ ಮೊದಲ ರಾಜ್ಯವ್ಯವಸ್ಥೆಯ ಬಲ ಮತ್ತು ಕೊರತೆ

1947ರ ಆಗಸ್ಟ್ 15ರಿಂದ 1950ರ ಜನವರಿ 25ರವರೆಗೆ ಸ್ವತಂತ್ರ ಭಾರತ ನಡೆದದ್ದು ಇಂದಿನ ಸಂವಿಧಾನದ ಪ್ರಕಾರವಲ್ಲ. ಬ್ರಿಟಿಷ್ ಸಂಸತ್ತು 1935ರಲ್ಲಿ ಮಾಡಿದ್ದ ಭಾರತ ಸರ್ಕಾರ ಕಾಯ್ದೆಯನ್ನೇ ತಿದ್ದಿ, 1947ರ ಭಾರತ ಸ್ವಾತಂತ್ರ್ಯ ಕಾಯ್ದೆಯ ಜೊತೆಗಿಟ್ಟು, ತಾತ್ಕಾಲಿಕ ಸಂವಿಧಾನವಾಗಿ ಬಳಸಲಾಯಿತು. ಹೊಸ ರಾಷ್ಟ್ರದ ಮೊದಲ ಎರಡು ವರ್ಷ ಐದು ತಿಂಗಳು ಹೀಗೆ ಕಳೆದವು. ದೇಶ ವಿಭಜನೆ, ನಿರಾಶ್ರಿತರ ಪುನರ್ವಸತಿ, ಸಂಸ್ಥಾನಗಳ ಸೇರ್ಪಡೆ, ಕಾಶ್ಮೀರದ ಯುದ್ಧ, ಗಾಂಧೀಜಿಯ ಹತ್ಯೆ ಎಲ್ಲವೂ ಈ ಅವಧಿಯಲ್ಲೇ ಬಂದವು. ಆದರೂ ಈ ಚೌಕಟ್ಟಿನ ಬಗ್ಗೆ ನಮ್ಮ ಪಠ್ಯಗಳಲ್ಲಿ ಒಂದೆರಡು ಸಾಲಿಗಿಂತ ಹೆಚ್ಚು ಸಿಗುವುದಿಲ್ಲ.

ಅದರ ಗುಣದೋಷ ತಿಳಿಯಲು ಕಾಶಿಯಷ್ಟು ಒಳ್ಳೆಯ ಉದಾಹರಣೆ ಅಪರೂಪ. ಕಾಶಿ, ಅಂದರೆ ಬನಾರಸ್ ನಗರ, ಅಂದು ಮುಂದೆ ಉತ್ತರ ಪ್ರದೇಶವಾದ ಸಂಯುಕ್ತ ಪ್ರಾಂತದಲ್ಲಿತ್ತು. ಹೊಳೆ ದಾಟಿದರೆ ಸಿಗುವ ರಾಮನಗರ ಬನಾರಸ್ ಸಂಸ್ಥಾನದ ರಾಜಧಾನಿ. ಒಂದೇ ದೇಶ, ಒಂದೇ ಭಾಷೆ, ಒಂದೇ ಸಂತೆಪೇಟೆಯ ಜನ ಎರಡು ಬೇರೆ ಆಡಳಿತಗಳ ಕೆಳಗೆ ಬದುಕಿದರು.

ಚೌಕಟ್ಟು ರೂಪುಗೊಂಡ ಬಗೆ

1935ರ ಕಾಯ್ದೆ 321 ಕಲಮುಗಳು ಮತ್ತು 10 ಅನುಸೂಚಿಗಳ ದೊಡ್ಡ ಶಾಸನ. ಪ್ರಾಂತಗಳಿಗೆ ಸ್ವಯಮಾಡಳಿತ ಕೊಡುವುದು, ಪ್ರಾಂತ ಮತ್ತು ಸಂಸ್ಥಾನಗಳನ್ನು ಸೇರಿಸಿ ಒಕ್ಕೂಟ ಕಟ್ಟುವುದು ಅದರ ಎರಡು ಉದ್ದೇಶಗಳು. ಮೊದಲನೆಯದು 1937ರ ಏಪ್ರಿಲ್ 1ರಂದು ಜಾರಿಗೆ ಬಂತು. ಎರಡನೆಯದಕ್ಕೆ ಬೇಕಾದಷ್ಟು ರಾಜರು ಒಪ್ಪದೆ ಅದು ಕಾಗದದಲ್ಲೇ ಉಳಿಯಿತು.

ಪ್ರಾಂತದ ಸ್ವಯಮಾಡಳಿತಕ್ಕೂ ಬಲವಾದ ಕಡಿವಾಣವಿತ್ತು. ಗವರ್ನರರು ಮಂತ್ರಿಗಳನ್ನು ಕೇಳದೆ ಸ್ವವಿವೇಚನೆಯಿಂದ ನಡೆಯಬಹುದಿತ್ತು. 93ನೇ ಕಲಮಿನ ಪ್ರಕಾರ ಇಡೀ ಪ್ರಾಂತದ ಆಡಳಿತವನ್ನೇ ಕೈಗೆ ತೆಗೆದುಕೊಳ್ಳಬಹುದಿತ್ತು. 1939ರಲ್ಲಿ ಗೋವಿಂದ ವಲ್ಲಭ ಪಂತರ ಮಂತ್ರಿಮಂಡಲ ರಾಜೀನಾಮೆ ಕೊಟ್ಟ ಮೇಲೆ 1946ರವರೆಗೂ ಸಂಯುಕ್ತ ಪ್ರಾಂತ ಗವರ್ನರರ ಆಳ್ವಿಕೆಯಲ್ಲೇ ಇತ್ತು.

1947ರ ಜುಲೈ 18ರಂದು ಭಾರತ ಸ್ವಾತಂತ್ರ್ಯ ಕಾಯ್ದೆಗೆ ಅಂಕಿತ ಬಿತ್ತು. ಸಂವಿಧಾನ ರಚನಾ ಸಭೆ ಬೇರೆ ಏರ್ಪಾಡು ಮಾಡುವವರೆಗೆ 1935ರ ಕಾಯ್ದೆಯಂತೆ ಆಡಳಿತ ನಡೆಯಬೇಕೆಂದು ಅದರ 8ನೇ ಕಲಮು ಹೇಳಿತು. ಆಗಸ್ಟ್ 14ರಂದು ಹೊರಬಿದ್ದ ತಾತ್ಕಾಲಿಕ ಸಂವಿಧಾನ ಆದೇಶವು ಗವರ್ನರರ ಸ್ವವಿವೇಚನೆಯ ಅಧಿಕಾರಗಳನ್ನು ಅಳಿಸಿತು, 93ನೇ ಕಲಮನ್ನು ಕೈಬಿಟ್ಟಿತು. ಕಟ್ಟಡ ಬ್ರಿಟಿಷರದ್ದೇ ಆದರೂ ಅದರ ಒಡೆತನ ಬದಲಾಯಿತು.

ಕಾಶಿಯಲ್ಲಿ ಮೊದಲೇ ನಡೆದಿದ್ದ ಚಿಂತನೆ

ಸ್ವರಾಜ್ಯ ಬಂದರೆ ಅದರ ರೂಪ ಹೇಗಿರಬೇಕು ಎಂಬ ಪ್ರಶ್ನೆ ಕಾಶಿಗೆ 1947ರಲ್ಲಿ ಹೊಸದಾಗಿರಲಿಲ್ಲ. 1905ರ ಡಿಸೆಂಬರಿನಲ್ಲಿ ಬನಾರಸ್ಸಿನಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷ ಗೋಪಾಲಕೃಷ್ಣ ಗೋಖಲೆ, ಸಾಮ್ರಾಜ್ಯದ ಇತರ ಸ್ವಯಮಾಡಳಿತ ವಸಾಹತುಗಳಿಗಿದ್ದಂಥ ಸರ್ಕಾರವೇ ಭಾರತದ ಗುರಿ ಎಂದು ಸಾರಿದರು. 1923ರಲ್ಲಿ ಕಾಶಿಯ ಭಗವಾನ್ ದಾಸರು ಚಿತ್ತರಂಜನ ದಾಸರ ಜೊತೆಗೂಡಿ ಸ್ವರಾಜ್ಯದ ಒಂದು ರೂಪುರೇಷೆಯನ್ನೇ ಪ್ರಕಟಿಸಿದರು. ಗ್ರಾಮದ ಪಂಚಾಯಿತಿಯಿಂದ ಶುರುವಾಗಿ ಮೇಲೇರುವ ಆಡಳಿತ, ಸ್ವಾರ್ಥವಿಲ್ಲದ ಅನುಭವಿ ಹಿರಿಯರ ಶಾಸನಸಭೆ ಅದರ ಮುಖ್ಯ ವಿಚಾರಗಳು. ಬನಾರಸ್ಸಿನಲ್ಲಿ ಸೆಂಟ್ರಲ್ ಹಿಂದೂ ಕಾಲೇಜು ಕಟ್ಟಿದ ಆನಿ ಬೆಸೆಂಟ್ ಮುಂದೆ ನಿಂತು ರೂಪಿಸಿದ ಕಾಮನ್‌ವೆಲ್ತ್ ಆಫ್ ಇಂಡಿಯಾ ಮಸೂದೆ 1925ರಲ್ಲಿ ಬ್ರಿಟಿಷ್ ಸಂಸತ್ತಿನವರೆಗೆ ಹೋಗಿ ಬಿದ್ದುಹೋಯಿತು. ಅದರಲ್ಲಿ ವಾಕ್‌ಸ್ವಾತಂತ್ರ್ಯ, ಕಾನೂನಿನ ಮುಂದೆ ಸಮಾನತೆ, ಉಚಿತ ಪ್ರಾಥಮಿಕ ಶಿಕ್ಷಣದಂಥ ಹಕ್ಕುಗಳ ಪಟ್ಟಿಯಿತ್ತು.

1947ರ ಚೌಕಟ್ಟನ್ನು ತೂಗುವಾಗ ಈ ಎರಡು ಕರಡುಗಳನ್ನು ನೆನಪಿಡಬೇಕು. ಗ್ರಾಮದ ಅಧಿಕಾರ ಮತ್ತು ಪ್ರಜೆಯ ಹಕ್ಕು, ಈ ಎರಡರಲ್ಲಿ ಒಂದೂ ಅದರಲ್ಲಿರಲಿಲ್ಲ.

ಒಂದೇ ಊರಿನ ಸುತ್ತ ಮೂರು ಆಡಳಿತ

1935ರ ಕಾಯ್ದೆ ಶಾಸನಾಧಿಕಾರವನ್ನು ಮೂರು ಪಟ್ಟಿಗಳಲ್ಲಿ ಹಂಚಿತ್ತು. ಒಕ್ಕೂಟದ ಪಟ್ಟಿಯಲ್ಲಿ 59, ಪ್ರಾಂತದ ಪಟ್ಟಿಯಲ್ಲಿ 54, ಸಮವರ್ತಿ ಪಟ್ಟಿಯಲ್ಲಿ 36 ವಿಷಯಗಳಿದ್ದವು. ಬನಾರಸ್ ನಗರದ ಪೊಲೀಸು, ಆಸ್ಪತ್ರೆ, ಶಾಲೆ, ಕಂದಾಯ ಪ್ರಾಂತದ ವಿಷಯ. ಅವುಗಳ ಹೊಣೆ ಲಖನೌದಲ್ಲಿದ್ದ ಪಂತರ ಸರ್ಕಾರದ್ದು. ಶಿಕ್ಷಣ ಮಂತ್ರಿ ಸಂಪೂರ್ಣಾನಂದರು ಕಾಶಿಯವರೇ.

ನಗರದ ದಕ್ಷಿಣಕ್ಕಿರುವ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಕಥೆ ಬೇರೆ. ಶಿಕ್ಷಣ ಪ್ರಾಂತದ ವಿಷಯವಾದರೂ ಈ ವಿಶ್ವವಿದ್ಯಾಲಯವನ್ನೂ ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯವನ್ನೂ ಹೆಸರು ಹೇಳಿಯೇ ಒಕ್ಕೂಟದ ಪಟ್ಟಿಗೆ ಸೇರಿಸಲಾಗಿತ್ತು. ಮದನಮೋಹನ ಮಾಳವೀಯರು ಕಟ್ಟಿದ ಈ ಸಂಸ್ಥೆಗೆ ಭೂಮಿ ಕೊಟ್ಟವರು ಕಾಶಿಯ ಮಹಾರಾಜರು, ಮೊದಲ ಕುಲಾಧಿಪತಿ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು.

ಮೂರನೆಯದು ಪೂರ್ವ ದಂಡೆಯ ರಾಮನಗರ. ಬನಾರಸ್ಸಿನ ರಾಜಮನೆತನ ಬಹುಕಾಲ ಜಮೀನ್ದಾರಿಯ ಸ್ಥಾನದಲ್ಲಿತ್ತು. 1911ರ ಏಪ್ರಿಲ್ 1ರಂದು ಬ್ರಿಟಿಷರು ಅದನ್ನು ಸಂಸ್ಥಾನವೆಂದು ಮಾನ್ಯ ಮಾಡಿದರು. ಭದೋಹಿ, ಚಕಿಯಾ ಮತ್ತು ರಾಮನಗರ ಸೇರಿದ ಈ ಸಂಸ್ಥಾನದ ವಿಸ್ತಾರ ಸುಮಾರು 875 ಚದರ ಮೈಲಿ, 1941ರ ಜನಸಂಖ್ಯೆ ಸುಮಾರು ನಾಲ್ಕೂವರೆ ಲಕ್ಷ. ಕಾಶಿ ನರೇಶರೆಂದು ಜನ ಕರೆಯುತ್ತಿದ್ದ ದೊರೆಗೆ ಕಾಶಿ ನಗರದ ಮೇಲೆ ಆಡಳಿತಾಧಿಕಾರವಿರಲಿಲ್ಲ. 1947ರಲ್ಲಿ ಪೂರ್ಣಾಧಿಕಾರ ವಹಿಸಿಕೊಂಡ ವಿಭೂತಿ ನಾರಾಯಣ ಸಿಂಗರಿಗೆ ಆಗ ಸುಮಾರು ಇಪ್ಪತ್ತರ ಪ್ರಾಯ.

ಬಲಗಳು

ಆಡಳಿತ ನಿಲ್ಲಲಿಲ್ಲ. ಹೊಸ ಚೌಕಟ್ಟಿನ ಮೊದಲ ಗುಣ ಇದು. ವಿಭಜನೆಯ ಹಿಂಸೆಯಿಂದ ಉತ್ತರ ಭಾರತ ತತ್ತರಿಸುತ್ತಿದ್ದಾಗ ಯಾವ ಕಾನೂನು ಜಾರಿಯಲ್ಲಿದೆ, ಯಾರು ತೆರಿಗೆ ಎತ್ತಬೇಕು, ಯಾವ ನ್ಯಾಯಾಲಯಕ್ಕೆ ಹೋಗಬೇಕು ಎಂಬ ಗೊಂದಲ ಹುಟ್ಟಲಿಲ್ಲ. ಬನಾರಸ್ಸಿನ ಕಲೆಕ್ಟರ್ ಕಚೇರಿ ಆಗಸ್ಟ್ 14ರಂದು ಯಾವ ಕಾನೂನಿನಡಿ ಕೆಲಸ ಮಾಡಿತೋ ಆಗಸ್ಟ್ 16ರಂದೂ ಬಹುಪಾಲು ಅದೇ ಕಾನೂನಿನಡಿ ಕೆಲಸ ಮಾಡಿತು. ಹಣಕಾಸು ಮಂತ್ರಿ ಷಣ್ಮುಖಂ ಚೆಟ್ಟಿಯವರು ಅದೇ ವರ್ಷ ನವೆಂಬರ್ 26ರಂದು ಸ್ವತಂತ್ರ ಭಾರತದ ಮೊದಲ ಬಜೆಟ್ ಮಂಡಿಸಲು ಸಾಧ್ಯವಾದದ್ದೂ ಈ ನಿರಂತರತೆಯಿಂದಲೇ.

ಮಂತ್ರಿಗಳು ಶಾಸನಸಭೆಗೆ ಹೊಣೆಯಾದರು. ಸಂಯುಕ್ತ ಪ್ರಾಂತಕ್ಕೆ ಗವರ್ನರರಾಗಿ ಬಂದ ಸರೋಜಿನಿ ನಾಯ್ಡು ಅವರ ಕೈಯಲ್ಲಿ ಹಿಂದಿನ ಬ್ರಿಟಿಷ್ ಗವರ್ನರರಿಗಿದ್ದ ಅಂಕುಶವಿರಲಿಲ್ಲ. ನಿರ್ಧಾರ ಮಾಡುವವರು ಶಾಸನಸಭೆಗೆ ಉತ್ತರ ಕೊಡಬೇಕಾದ ಪಂತರು ಮತ್ತು ಅವರ ಮಂತ್ರಿಗಳು. ಪ್ರಾಂತ ಈ ಅಧಿಕಾರವನ್ನು ಒಳ್ಳೆಯ ಕೆಲಸಕ್ಕೆ ಬಳಸಿತು. 1947ರ ಪಂಚಾಯತ್ ರಾಜ್ ಕಾಯ್ದೆಯ ಮೂಲಕ ಹಳ್ಳಿಗಳಲ್ಲಿ ವಯಸ್ಕರೆಲ್ಲರೂ ಮತ ಹಾಕಿ ಪಂಚಾಯಿತಿ ಆರಿಸುವ ಏರ್ಪಾಡಾಯಿತು. 1949ರ ಆಗಸ್ಟ್ 15ರಂದು ಆ ಪಂಚಾಯಿತಿಗಳು ಕೆಲಸ ಶುರುಮಾಡಿದವು. ಮೂಲ ಚೌಕಟ್ಟಿನಲ್ಲಿಲ್ಲದ ಗ್ರಾಮಾಧಿಕಾರವನ್ನು ಪ್ರಾಂತ ತನ್ನ ಕಾಯ್ದೆಯಿಂದ ತುಂಬಿಕೊಟ್ಟಿತು.

ತಿದ್ದುವುದು ಸುಲಭವಾಗಿತ್ತು. ಲಂಡನ್ನಿನ ಅಪ್ಪಣೆಗೆ ಕಾಯದೆ ಸಂವಿಧಾನ ರಚನಾ ಸಭೆ ಸಾಮಾನ್ಯ ಕಾಯ್ದೆಯ ಮೂಲಕವೇ ಚೌಕಟ್ಟನ್ನು ಬದಲಿಸಬಹುದಿತ್ತು. ಫೆಡರಲ್ ನ್ಯಾಯಾಲಯದ ಅಧಿಕಾರವ್ಯಾಪ್ತಿ 1948ರಲ್ಲಿ ಹಿಗ್ಗಿತು. 1949ರ ಅಕ್ಟೋಬರ್ 10ರಿಂದ ಲಂಡನ್ನಿನ ಪ್ರಿವಿ ಕೌನ್ಸಿಲ್ಲಿಗೆ ಮೇಲ್ಮನವಿ ಹೋಗುವುದು ನಿಂತಿತು. ಸಂಸ್ಥಾನಗಳನ್ನು ಪಕ್ಕದ ಪ್ರಾಂತಗಳಲ್ಲಿ ಬೆರೆಸಲು ಕಾನೂನಿನ ದಾರಿ ಬೇಕಾದಾಗ 1949ರಲ್ಲಿ 290-ಎ ಎಂಬ ಹೊಸ ಕಲಮು ಸೇರಿತು.

ಸಂಸ್ಥಾನಗಳಿಗೆ ಒಳಬರುವ ಬಾಗಿಲು ತೆರೆದಿತ್ತು. ಬ್ರಿಟಿಷರ ಪರಮಾಧಿಕಾರ ಕೊನೆಗೊಂಡಾಗ ಐನೂರೈವತ್ತಕ್ಕೂ ಹೆಚ್ಚು ಸಂಸ್ಥಾನಗಳು ಕಾನೂನಿನ ಮಟ್ಟಿಗೆ ಬಿಡಿಬಿಡಿಯಾದವು. ವಲ್ಲಭಭಾಯಿ ಪಟೇಲ್ ಮತ್ತು ವಿ.ಪಿ. ಮೆನನ್ ಅವರು 1935ರ ಕಾಯ್ದೆಯಲ್ಲಿದ್ದ ಸೇರ್ಪಡೆ ಪತ್ರದ ಕ್ರಮವನ್ನೇ ಹಗುರಗೊಳಿಸಿ ರಕ್ಷಣೆ, ವಿದೇಶಾಂಗ, ಸಂಪರ್ಕ ಎಂಬ ಮೂರೇ ವಿಷಯಗಳನ್ನು ಕೇಳಿದರು. ಕೇಳಿದ್ದು ಕಡಿಮೆಯಾದ್ದರಿಂದ ಒಪ್ಪಿಗೆ ಬೇಗ ಬಂತು. ಗಂಗೆಯ ಮೇಲಿನ ರೈಲು ಸೇತುವೆ, ಅಂಚೆ, ತಂತಿ, ಸೈನ್ಯ ಮೊದಲ ದಿನದಿಂದಲೇ ಎರಡೂ ದಂಡೆಗಳಿಗೆ ಒಂದೇ ಆದವು.

ಕೊರತೆಗಳು

ಹಕ್ಕುಗಳ ಅಧ್ಯಾಯವೇ ಇರಲಿಲ್ಲ. ಸರ್ಕಾರ ಪತ್ರಿಕೆ ನಿಲ್ಲಿಸಿದರೆ, ವಿಚಾರಣೆಯಿಲ್ಲದೆ ಬಂಧಿಸಿದರೆ, ಆ ಕಾಯ್ದೆ ಮೂಲಭೂತ ಹಕ್ಕಿಗೆ ವಿರುದ್ಧ ಎಂದು ಕೋರ್ಟಿನ ಮೆಟ್ಟಿಲೇರಲು ಪ್ರಜೆಗೆ ಆಧಾರವಿರಲಿಲ್ಲ. ಎಷ್ಟು ದೊಡ್ಡ ಕೊರತೆ ಇದು ಎಂಬುದು ಸಂವಿಧಾನ ಬಂದ ನಾಲ್ಕೇ ತಿಂಗಳಲ್ಲಿ ತಿಳಿಯಿತು. ಮದ್ರಾಸ್ ಸರ್ಕಾರ 1949ರ ಸಾರ್ವಜನಿಕ ಸುವ್ಯವಸ್ಥೆ ಕಾಯ್ದೆಯಡಿ ಕ್ರಾಸ್‌ರೋಡ್ಸ್ ವಾರಪತ್ರಿಕೆಯನ್ನು ತನ್ನ ಎಲ್ಲೆಯೊಳಗೆ ಬರದಂತೆ ತಡೆದಿತ್ತು. 1950ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ರೊಮೇಶ್ ಥಾಪರ್ ಪ್ರಕರಣದಲ್ಲಿ ಆ ಆದೇಶವನ್ನು ರದ್ದುಮಾಡಿತು. ಮಂಗಳೂರು, ಕಾಸರಗೋಡಿನ ಕನ್ನಡಿಗರೂ ಅಂದು ಇದೇ ಮದ್ರಾಸ್ ಆಡಳಿತದಲ್ಲಿದ್ದರು. ಒಂದು ವರ್ಷ ಮೊದಲು ಅವರಾರಿಗೂ ಈ ಪರಿಹಾರ ಸಿಗುತ್ತಿರಲಿಲ್ಲ.

ಎಲ್ಲರ ಮತವಿರಲಿಲ್ಲ. 1935ರ ಕಾಯ್ದೆ ಆಸ್ತಿ, ತೆರಿಗೆ, ವಿದ್ಯೆಯ ಆಧಾರದ ಮೇಲೆ ಮತದ ಹಕ್ಕು ಕೊಟ್ಟಿತ್ತು. ಸುಮಾರು ಮೂರು ಕೋಟಿ ಜನ ಮಾತ್ರ ಮತದಾರರಾದರು. ಮತವೂ ಧರ್ಮದ ಆಧಾರದಲ್ಲಿ ಪ್ರತ್ಯೇಕ ಕ್ಷೇತ್ರಗಳಲ್ಲಿ ಬೀಳುತ್ತಿತ್ತು. 1946ರಲ್ಲಿ ಹೀಗೆ ಚುನಾಯಿತವಾದ ಪ್ರಾಂತೀಯ ಶಾಸನಸಭೆಗಳೇ ಸಂವಿಧಾನ ರಚನಾ ಸಭೆಯ ಬಹುಪಾಲು ಸದಸ್ಯರನ್ನು ಆರಿಸಿದವು. ದಶಾಶ್ವಮೇಧದ ದೋಣಿಗಾರ, ಮದನಪುರದ ನೇಕಾರ, ಅಲೈಪುರದ ಕೂಲಿಯವರಲ್ಲಿ ಹೆಚ್ಚಿನವರು ಸ್ವತಂತ್ರ ದೇಶದ ಪ್ರಜೆಗಳಾದರೂ ಕೇಂದ್ರ ಸರ್ಕಾರವನ್ನು ಆರಿಸಿದವರಲ್ಲ. ಆ ಹಕ್ಕು ಬಳಸಲು ಅವರು 1951–52ರ ಮಹಾಚುನಾವಣೆವರೆಗೆ ಕಾಯಬೇಕಾಯಿತು. ಆಗ ಮತದಾರರ ಪಟ್ಟಿ 17 ಕೋಟಿ ದಾಟಿತು.

ಒಂದೇ ಸಭೆಗೆ ಎರಡು ಕೆಲಸ ಬಿತ್ತು. ಸಂವಿಧಾನ ಬರೆಯುವಾಗ ರಾಜೇಂದ್ರ ಪ್ರಸಾದರ ಅಧ್ಯಕ್ಷತೆಯಲ್ಲೂ, ಕಾನೂನು ಮಾಡುವಾಗ ಸ್ಪೀಕರ್ ಜಿ.ವಿ. ಮಾವಳಂಕರರ ಅಧ್ಯಕ್ಷತೆಯಲ್ಲೂ ಅದೇ ಸಭೆ ಕೂಡುತ್ತಿತ್ತು. ಬಲವಾದ ವಿರೋಧ ಪಕ್ಷವೂ ಅಲ್ಲಿರಲಿಲ್ಲ. ಸರ್ಕಾರವನ್ನು ಪ್ರಶ್ನಿಸುವ ಕೆಲಸ ಕೆಲವು ಸದಸ್ಯರ ವೈಯಕ್ತಿಕ ಎಚ್ಚರಕ್ಕೆ ಬಿಟ್ಟದ್ದಾಯಿತು.

ಪ್ರಜೆಗಳಲ್ಲಿ ಎರಡು ವರ್ಗವಾಯಿತು. ಎಲ್ಲಕ್ಕಿಂತ ಗಂಭೀರ ಕೊರತೆ ಇದು. ಸೇರ್ಪಡೆ ಪತ್ರ ರಾಜನ ಸಹಿಯಿಂದಲೇ ಪೂರ್ಣವಾಗುತ್ತಿತ್ತು, ಪ್ರಜೆಗಳ ಒಪ್ಪಿಗೆ ಬೇಕಿರಲಿಲ್ಲ. ಮುಂದೆ ಬರುವ ಸಂವಿಧಾನವನ್ನು ಒಪ್ಪಲೇಬೇಕೆಂಬ ಕಟ್ಟುಪಾಡು ಈ ಸಹಿಯಿಂದ ಬರುವುದಿಲ್ಲ ಎಂಬ ಮಾತೂ ಆ ಪತ್ರದಲ್ಲಿತ್ತು. ಪಂಚಾಯತ್ ರಾಜ್ ಕಾಯ್ದೆ ಬನಾರಸ್ ಜಿಲ್ಲೆಯ ಹಳ್ಳಿಗೆ ಬಂತು, ಪಕ್ಕದ ಚಕಿಯಾದ ಹಳ್ಳಿ ಅದರ ವ್ಯಾಪ್ತಿಗೆ ಬರಲಿಲ್ಲ. ಪ್ರಾಂತದ ಶಾಸನಸಭೆಯಲ್ಲಿ ಭದೋಹಿಯ ರೈತನ ಪ್ರತಿನಿಧಿಯಿರಲಿಲ್ಲ. ಸಂವಿಧಾನ ರಚನಾ ಸಭೆಯಲ್ಲಿ ರಾಮಪುರ ಮತ್ತು ಬನಾರಸ್ ಸಂಸ್ಥಾನಗಳೆರಡಕ್ಕೂ ಸೇರಿ ಇದ್ದದ್ದು ಒಂದೇ ಸ್ಥಾನ. ಸಂಯುಕ್ತ ಪ್ರಾಂತದ ಪೊಲೀಸ್ ಖಾತೆ ನೋಡಿಕೊಳ್ಳುತ್ತಿದ್ದ ಲಾಲ್ ಬಹಾದ್ದೂರ್ ಶಾಸ್ತ್ರಿಯವರ ಮನೆತನದ ಮನೆ ರಾಮನಗರದಲ್ಲಿತ್ತು. ಅವರು ಮಂತ್ರಿಯಾಗಿದ್ದ ಸರ್ಕಾರದ ಅಧಿಕಾರ ಅವರದೇ ಊರಿನಲ್ಲಿ ನಡೆಯುತ್ತಿರಲಿಲ್ಲ.

ಹಣಕಾಸು ಒಂದಾಗಿರಲಿಲ್ಲ. ಸಂಸ್ಥಾನಗಳು ಕೇಂದ್ರಕ್ಕೆ ಒಪ್ಪಿಸಿದ ಮೂರು ವಿಷಯಗಳಲ್ಲಿ ತೆರಿಗೆ ಇರಲಿಲ್ಲ. ಅನೇಕ ಸಂಸ್ಥಾನಗಳು ತಮ್ಮದೇ ಸುಂಕ ವಸೂಲಿ ಮಾಡುತ್ತಿದ್ದವು. ವಿ.ಟಿ. ಕೃಷ್ಣಮಾಚಾರಿ ಸಮಿತಿಯ ಶಿಫಾರಸಿನಂತೆ ಹಣಕಾಸಿನ ಏಕೀಕರಣ ನಡೆದದ್ದು 1950ರ ಏಪ್ರಿಲ್ 1ರಿಂದ.

ಕನ್ನಡ ನಾಡಿನಲ್ಲಿ ಇದೇ ಚೌಕಟ್ಟು

ಕನ್ನಡಿಗರಿಗೆ ಹಂಚಿಹೋದ ಆಡಳಿತದ ಈ ಕೊರತೆ ಇನ್ನೂ ತೀವ್ರವಾಗಿ ತಟ್ಟಿತು. ಕನ್ನಡ ಮಾತಾಡುವ ಪ್ರದೇಶ ಬೊಂಬಾಯಿ ಮತ್ತು ಮದ್ರಾಸ್ ಪ್ರಾಂತಗಳು, ಮೈಸೂರು ಮತ್ತು ಹೈದರಾಬಾದ್ ಸಂಸ್ಥಾನಗಳು, ಚೀಫ್ ಕಮಿಷನರ್ ಆಡಳಿತದ ಕೊಡಗು, ಇವಲ್ಲದೆ ಜಮಖಂಡಿ, ಸೊಂಡೂರಿನಂಥ ಚಿಕ್ಕ ಸಂಸ್ಥಾನಗಳಲ್ಲಿ ಹರಿದು ಹಂಚಿಹೋಗಿತ್ತು.

ಮೈಸೂರು ಆಗಸ್ಟ್ ತಿಂಗಳಲ್ಲೇ ಭಾರತಕ್ಕೆ ಸೇರಿತು. ಆದರೆ ಸೇರ್ಪಡೆ ಪತ್ರ ಪ್ರಜೆಗಳಿಗೆ ಜವಾಬ್ದಾರಿ ಸರ್ಕಾರ ಕೊಡಲಿಲ್ಲ. ಅದಕ್ಕಾಗಿ 1947ರ ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಚಳವಳಿ ನಡೆಯಬೇಕಾಯಿತು, ಜನ ಜೈಲು ಸೇರಬೇಕಾಯಿತು. ಅಕ್ಟೋಬರ್ 25ರಂದು ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರಕ್ಕೆ ಬಂತು. ಬೀದರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಕನ್ನಡಿಗರು ನಿಜಾಮರ ಆಳ್ವಿಕೆಯಲ್ಲಿ ರಜಾಕಾರರ ಹಾವಳಿಗೆ ಸಿಕ್ಕಿ ನರಳಿದರು. ದೆಹಲಿಯ ಕೈಯಲ್ಲಿದ್ದದ್ದು 1947ರ ನವೆಂಬರಿನ ಯಥಾಸ್ಥಿತಿ ಒಪ್ಪಂದ ಮಾತ್ರ. 1948ರ ಸೆಪ್ಟೆಂಬರಿನ ಸೈನಿಕ ಕಾರ್ಯಾಚರಣೆಯೇ ಕೊನೆಗೆ ಅವರನ್ನು ಬಿಡಿಸಿತು.

ರಾಮನಗರದ ವಿಲೀನ

ಬನಾರಸ್ ಸಂಸ್ಥಾನದ ಬೀಳ್ಕೊಡುಗೆ ಶಾಂತವಾಗಿ ನಡೆಯಿತು. 1949ರ ಅಕ್ಟೋಬರ್ 15ರಂದು ಅದು ಸಂಯುಕ್ತ ಪ್ರಾಂತದಲ್ಲಿ ವಿಲೀನವಾಯಿತು. ಅದೇ ವರ್ಷ ಟೆಹರಿ ಗಢವಾಲ ಮತ್ತು ರಾಮಪುರ ಕೂಡ ಅದೇ ಪ್ರಾಂತ ಸೇರಿದವು. ಸೇರ್ಪಡೆಯಲ್ಲಿ ರಾಜ ಮೂರು ವಿಷಯ ಬಿಟ್ಟುಕೊಟ್ಟಿದ್ದರೆ ವಿಲೀನದಲ್ಲಿ ಆಳುವ ಅಧಿಕಾರವನ್ನೇ ಪೂರ್ತಿಯಾಗಿ ಬಿಟ್ಟುಕೊಟ್ಟ. ಸಂಸ್ಥಾನದ ನೆಲ ಬನಾರಸ್ ಜಿಲ್ಲೆಗೆ ಸೇರಿತು. ಕಾಲಾನಂತರ ಭದೋಹಿ 1994ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು, ಚಕಿಯಾ 1997ರಲ್ಲಿ ರಚನೆಯಾದ ಚಂದೌಲಿ ಜಿಲ್ಲೆಯ ಭಾಗವಾಯಿತು.

ವಿಲೀನಕ್ಕೂ ಸಂವಿಧಾನ ಜಾರಿಗೂ ನಡುವೆ ಸುಮಾರು ನೂರು ದಿನಗಳ ಅಂತರವಷ್ಟೇ. ಹೀಗಾಗಿ 1950ರ ಜನವರಿ 26ರಂದು ಎರಡೂ ದಂಡೆಯವರು ಒಂದೇ ರಾಜ್ಯದ ಸಮಾನ ಪ್ರಜೆಗಳಾಗಿ ಗಣರಾಜ್ಯ ಪ್ರವೇಶಿಸಿದರು. ಸಂಯುಕ್ತ ಪ್ರಾಂತಕ್ಕೆ ಉತ್ತರ ಪ್ರದೇಶವೆಂಬ ಹೆಸರು ಬಂದದ್ದು ಅದಕ್ಕೆ ಎರಡು ದಿನ ಮೊದಲು.

ಬೇರೆ ದೇಶಗಳ ಜೊತೆ ಹೋಲಿಕೆ

ಅಮೆರಿಕದ ಮೊದಲ ಚೌಕಟ್ಟು 1781ರಲ್ಲಿ ಜಾರಿಗೆ ಬಂದ ಒಕ್ಕೂಟ ನಿಯಮಾವಳಿ. ಅಲ್ಲಿನ ಕೇಂದ್ರಕ್ಕೆ ತೆರಿಗೆ ಹಾಕುವ ಅಧಿಕಾರವಿರಲಿಲ್ಲ. ತಿದ್ದುಪಡಿಗೆ ಹದಿಮೂರೂ ರಾಜ್ಯಗಳ ಒಪ್ಪಿಗೆ ಬೇಕಿತ್ತು. ಕೇಂದ್ರ ಸೊರಗಿ 1789ರಲ್ಲಿ ಹೊಸ ಸಂವಿಧಾನಕ್ಕೆ ದಾರಿ ಬಿಡಬೇಕಾಯಿತು. ಭಾರತದ್ದು ಬೇರೆ ಬಗೆಯ ತೊಂದರೆ. ಪ್ರಾಂತಗಳ ಮಟ್ಟಿಗೆ ಕೇಂದ್ರ ಬಲವಾಗಿಯೇ ಇತ್ತು, ಸಂಸ್ಥಾನಗಳ ಮಟ್ಟಿಗೆ ಅದು ಅಮೆರಿಕದ ಮೊದಲ ಕೇಂದ್ರದಂತೆಯೇ ಬಡವಾಗಿತ್ತು.

ಪಾಕಿಸ್ತಾನದ ಹೋಲಿಕೆ ಇನ್ನೂ ಹೆಚ್ಚು ಕಲಿಸುತ್ತದೆ. ಎರಡೂ ದೇಶಗಳು ಅದೇ 1935ರ ಕಾಯ್ದೆಯಿಂದ ಹೊರಟವು. ಅಲ್ಲಿ 1948ರಲ್ಲೇ 92-ಎ ಎಂಬ ಕಲಮಿನ ಮೂಲಕ ಪ್ರಾಂತ ಸರ್ಕಾರವನ್ನು ಬದಿಗೊತ್ತುವ ಅಧಿಕಾರ ಮರಳಿ ಬಂತು. 1954ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಗುಲಾಂ ಮಹಮ್ಮದರು ಸಂವಿಧಾನ ಸಭೆಯನ್ನೇ ವಿಸರ್ಜಿಸಿದರು. ಮೊದಲ ಸಂವಿಧಾನ ಜಾರಿಗೆ ಬಂದದ್ದು 1956ರ ಮಾರ್ಚ್ 23ರಂದು. ಭಾರತದಲ್ಲಿ ತಾತ್ಕಾಲಿಕ ವ್ಯವಸ್ಥೆ ತಾತ್ಕಾಲಿಕವಾಗಿಯೇ ಉಳಿದದ್ದಕ್ಕೆ ಕಾಯ್ದೆಯ ಅಕ್ಷರಗಳು ಕಾರಣವಲ್ಲ. ಸಂವಿಧಾನ ರಚನಾ ಸಭೆ ಬಿಡದೆ ಕೂತು ಕೆಲಸ ಮುಗಿಸಿದ್ದು, ಮಂತ್ರಿಗಳ ಸಲಹೆಯಂತೆ ನಡೆಯುವ ಸಂಪ್ರದಾಯವನ್ನು ಗವರ್ನರ್ ಜನರಲ್‌ಗಳಾದ ಮೌಂಟ್‌ಬ್ಯಾಟನ್ ಮತ್ತು ರಾಜಗೋಪಾಲಾಚಾರಿ ಪಾಲಿಸಿದ್ದು ಕಾರಣ.

ಇಂದಿನ ಸಂವಿಧಾನದಲ್ಲಿ ಉಳಿದದ್ದು

ಸಂವಿಧಾನದ 395ನೇ ವಿಧಿ 1935 ಮತ್ತು 1947ರ ಎರಡೂ ಕಾಯ್ದೆಗಳನ್ನು ರದ್ದುಮಾಡಿತು. ಆದರೆ ಅವುಗಳ ಅಂಶಗಳು ಬಹಳಷ್ಟು ಉಳಿದವು. ಮೂರು ಪಟ್ಟಿಗಳು, ರಾಜ್ಯಪಾಲರ ಹುದ್ದೆ, ಸುಗ್ರೀವಾಜ್ಞೆ ಅಲ್ಲಿಂದಲೇ ಬಂದವು. 1947ರಲ್ಲಿ ಕೈಬಿಟ್ಟಿದ್ದ 93ನೇ ಕಲಮಿನ ನೆರಳು 356ನೇ ವಿಧಿಯಲ್ಲಿ ಕಾಣುತ್ತದೆ. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಹೆಸರು ಇಂದಿಗೂ ಕೇಂದ್ರ ಪಟ್ಟಿಯ 63ನೇ ನಮೂದಿನಲ್ಲಿದೆ.

ಈ ಎರವಲಿನ ಬಗ್ಗೆ ಸಂವಿಧಾನ ರಚನಾ ಸಭೆಯಲ್ಲಿ ಅಸಮಾಧಾನವಿತ್ತು. ಮೈಸೂರಿನ ಕೆಂಗಲ್ ಹನುಮಂತಯ್ಯನವರು, ವೀಣೆಯ ನಾದ ಬಯಸಿದ್ದ ನಮಗೆ ಇಂಗ್ಲಿಷ್ ಬ್ಯಾಂಡಿನ ಸದ್ದು ಸಿಕ್ಕಿದೆ ಎಂಬರ್ಥದ ಮಾತಾಡಿದರು. ಇಂಥ ಟೀಕೆ ಬರುವುದೆಂದು ಬಲ್ಲ ಅಂಬೇಡ್ಕರರು 1948ರ ನವೆಂಬರ್ 4ರ ಭಾಷಣದಲ್ಲೇ ಉತ್ತರ ಕೊಟ್ಟಿದ್ದರು. ಎರವಲು ತರುವುದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ, ಸಾಂವಿಧಾನಿಕ ನೀತಿ ಬೇರೂರದ ಸಮಾಜದಲ್ಲಿ ಆಡಳಿತದ ವಿವರಗಳನ್ನು ಬರೆದಿಡುವುದೇ ಕ್ಷೇಮ ಎಂಬುದು ಅವರ ವಾದ.

ತೀರ್ಮಾನ

ಸ್ವತಂತ್ರ ಭಾರತದ ಮೊದಲ ಚೌಕಟ್ಟು ಸರ್ಕಾರವನ್ನು ಉಳಿಸಿತು, ಪ್ರಜೆಯನ್ನು ಗಟ್ಟಿಗೊಳಿಸಲಿಲ್ಲ. ಒಡೆಯುತ್ತಿದ್ದ ದೇಶದಲ್ಲಿ ಕಚೇರಿ, ಕೋರ್ಟು, ಖಜಾನೆ ನಡೆಯುವಂತೆ ಮಾಡಿದ್ದು ಅದರ ದೊಡ್ಡ ಸಾಧನೆ. ಅದಕ್ಕೆ ಸಲ್ಲಬೇಕಾದ ಮನ್ನಣೆ ಸಲ್ಲಲೇಬೇಕು. ಆದರೆ ಬನಾರಸ್ಸಿನವನಿಗೂ ರಾಮನಗರದವನಿಗೂ ಸಮಾನ ಮತ, ಸಮಾನ ಹಕ್ಕು, ಸಮಾನ ನ್ಯಾಯ ಕೊಟ್ಟದ್ದು ಆಡಳಿತದ ನಿರಂತರತೆಯಲ್ಲ. ಮೂಲಭೂತ ಹಕ್ಕುಗಳ ಮೂರನೇ ಭಾಗ ಮತ್ತು ವಯಸ್ಕ ಮತದಾನದ 326ನೇ ವಿಧಿ ಆ ಸಮಾನತೆಯನ್ನು ತಂದವು. ಸಂವಿಧಾನವೆಂದರೆ 1935ರ ಕಾಯ್ದೆಯ ನಕಲು ಎಂದು ಹಗುರವಾಗಿ ಮಾತಾಡುವವರು ಈ ಎರಡನ್ನೂ ಅದರ ಪಕ್ಕದಲ್ಲಿಟ್ಟು ಓದಬೇಕು. ಹಳೆಯ ಕಾಯ್ದೆಯಿಂದ ತಂದದ್ದು ಆಡಳಿತದ ಯಂತ್ರವನ್ನು. ಆ ಯಂತ್ರ ಯಾರಿಗೆ ಉತ್ತರ ಕೊಡಬೇಕು ಎಂಬುದನ್ನು ನಮ್ಮವರು ಹೊಸದಾಗಿ ಬರೆದರು. ಅದನ್ನು ಕಾಯುವ ಹೊಣೆ ಇಂದು ಮತ ಹಾಕುವ ಪ್ರತಿಯೊಬ್ಬರದು.